ಊರು ಸುತ್ತಿದರೆ ಭಾಷೆ ಬರುತ್ತದೆಯೇ?



‘ದೇಶ ಸುತ್ತು, ಕೋಶ ಓದು’ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಭಾಷೆ ಕಲಿಯುವವರಿಗಂತೂ ಇವೆರಡೂ ಒಟ್ಟೊಟ್ಟಿಗೇ ಬೇಕು. ಇಂಗ್ಲೆಂಡಿನ ಕರಾವಳಿಯ ಬ್ರೈಟನ್, ಹೇಸ್ಟಿಂಗ್ಸ್, ಬೋರ್ನ್‌ಮತ್ ಊರುಗಳಿಗೆ ಬೇಸಿಗೆಯಲ್ಲಿ ಯುರೋಪಿನ ವಿದ್ಯಾರ್ಥಿಗಳು ಇಂಗ್ಲಿಷ್ ಕಲಿಯಲು ಬರುತ್ತಾರೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ಸುತ್ತಾಟ. ನಮ್ಮ ದೇಶದಲ್ಲೂ ಇಂಥದ್ದೊಂದು ಏರ್ಪಾಡು ಇದೆ. ಅದರ ಬೇರು ನಮ್ಮ ಮೈಸೂರಿನಲ್ಲಿದೆ!

1969ರಲ್ಲಿ ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ ಶುರುವಾಯಿತು. ಒಂದು ರಾಜ್ಯದ ಶಾಲಾ ಶಿಕ್ಷಕರಿಗೆ ಇನ್ನೊಂದು ರಾಜ್ಯದ ಭಾಷೆ ಕಲಿಸಲು ಅದು ಹತ್ತು ತಿಂಗಳ ಕೋರ್ಸ್ ರೂಪಿಸಿತು. ಬಂಗಾಳಿ ಕಲಿಯುವವರು ಹೋಗುವುದು ಭುವನೇಶ್ವರದ ಪೂರ್ವ ಪ್ರಾದೇಶಿಕ ಭಾಷಾ ಕೇಂದ್ರಕ್ಕೆ. ಆದರೆ ಭುವನೇಶ್ವರದ ಬೀದಿಯ ಮಾತು ಒಡಿಯಾ. ತರಗತಿಯಲ್ಲಿ ಕಲಿತ ಬಂಗಾಳಿಯನ್ನು ಆಡಿ ನೋಡುವುದೆಲ್ಲಿ? ಸುಮಾರು 60 ಕಿಲೋಮೀಟರ್ ದೂರದ ಪುರಿಯ ಕಡಲತೀರಕ್ಕೆ ಹೋದರೆ ಬಂಗಾಳಿ ಪ್ರವಾಸಿಗಳು ಧಾರಾಳವಾಗಿ ಸಿಗುತ್ತಾರೆ. ಅದಕ್ಕೂ ಮುಂದಿನ ಹೆಜ್ಜೆಯೇ ನಮ್ಮ ಕೋಲ್ಕತ್ತಾ. ಕಲಿಯುವ ಭಾಷೆಯ ನಾಡಿಗೆ ಹೋಗಿ ಬರುವುದು ಈ ತರಬೇತಿಯ ಒಂದು ಅಂಗ.

ಪ್ರವಾಸ ಅಂದರೆ ವಿಕ್ಟೋರಿಯಾ ಮೆಮೋರಿಯಲ್ ಮುಂದೆ ಫೋಟೋ ತೆಗೆಸಿಕೊಳ್ಳುವುದಷ್ಟೇ ಅಲ್ಲ. ಭಾಷೆ ಕಲಿಯುವವನಿಗೆ ಅಲ್ಲೊಂದು ಕೆಲಸ ಇರಬೇಕು. ಹೌರಾದ ಲಾಂಚ್ ಘಾಟಿಗೆ ಹೋಗಿ ನೋಡಿ. ಟಿಕೆಟ್ ಕೇಳುವಾಗ ‘ದುಟೊ ಟಿಕಿಟ್ ದಿನ್’ ಅನ್ನಬೇಕು. ಎಷ್ಟು ಜನ ಎಂದರೆ ‘ದುಜೊನ್’ ಅನ್ನಬೇಕು. ಪುಸ್ತಕದಲ್ಲಿ ಇದೊಂದು ಒಣ ನಿಯಮ. ಕನ್ನಡಿಗರಿಗೆ ಇದು ಕಷ್ಟವೇ ಅಲ್ಲ. ನಾವೂ ‘ಎರಡು ಟಿಕೆಟ್’, ‘ಇಬ್ಬರು ಜನ’ ಅನ್ನುವುದಿಲ್ಲವೇ? ಸರದಿಯಲ್ಲಿ ಹಿಂದಿನವರು ಅವಸರ ಮಾಡುತ್ತಿರುವಾಗ ಒಮ್ಮೆ ಸರಿಯಾಗಿ ಹೇಳಿಬಿಟ್ಟರೆ ಮತ್ತೆ ಮರೆಯುವುದಿಲ್ಲ.

ಇನ್ನು ಕಾಲೇಜ್ ಸ್ಟ್ರೀಟ್. ಹಳೆ ಪುಸ್ತಕದ ಅಂಗಡಿಯಲ್ಲಿ ‘ಕೊತೊ ದಾಮ್?’ ಎಂದು ಶುರು ಮಾಡಿದರೆ ಚೌಕಾಶಿಯೇ ಅರ್ಧ ಗಂಟೆಯ ಪಾಠ. ಬಂಕಿಮಚಂದ್ರರು 1858ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಮೊದಲ ಪದವೀಧರರಲ್ಲಿ ಒಬ್ಬರಾದರು. ಆ ವಿಶ್ವವಿದ್ಯಾಲಯ ಇರುವುದೂ ಇದೇ ಬೀದಿಯಲ್ಲಿ. ಅವರ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು ಬಿ. ವೆಂಕಟಾಚಾರ್ಯರು (1845–1914). ಅವರು ಬಂಗಾಳಿ ಕಲಿತದ್ದರಿಂದ ನಮ್ಮ ಅಜ್ಜಿಯರ ಕಾಲದ ಓದುಗರಿಗೆ ಕಾದಂಬರಿಯ ರುಚಿ ಹತ್ತಿತು. ಒಬ್ಬರು ಒಂದು ಭಾಷೆ ಕಲಿತರೆ ಎಷ್ಟು ಮನೆಗಳಿಗೆ ಲಾಭ ನೋಡಿ!

ಈಗ ನಮ್ಮ ನಿಮ್ಮ ವಿಷಯಕ್ಕೆ ಬರೋಣ. ಹೀಗೆ ಕಲಿಯಲು ಬಂದವರಿಗೆ ದೊಡ್ಡ ಅಡ್ಡಿ ಯಾರು ಗೊತ್ತೇ? ನಾವೇ, ಇಲ್ಲಿನ ಕನ್ನಡಿಗರು! ನನ್ನ ಮನೆಗೂ ಒಮ್ಮೆ ಬಂಗಾಳಿ ಕಲಿಯುತ್ತಿದ್ದ ನೆಂಟರೊಬ್ಬರು ಬಂದಿದ್ದರು. ಗರಿಯಾಹಾಟ್ ಮಾರುಕಟ್ಟೆಗೆ ಕರೆದುಕೊಂಡು ಹೋದೆ. ಅವರು ಬಾಯಿ ತೆರೆಯುವಷ್ಟರಲ್ಲಿ ನಾನೇ ಬೆಲೆ ಕೇಳಿ, ಚೌಕಾಶಿ ಮಾಡಿ, ದುಡ್ಡು ಕೊಟ್ಟುಬಿಟ್ಟೆ. ಉಪಕಾರ ಮಾಡಿದೆ ಅಂದುಕೊಂಡೆ. ಸಂಜೆ ಚಹಾ ಕುಡಿಯುವಾಗ ಅವರು ನಗುತ್ತಲೇ ಅಂದರು: “ಇವತ್ತು ನಾನು ಒಂದು ವಾಕ್ಯವನ್ನೂ ಆಡಲಿಲ್ಲ.” ಆ ಮಾತು ನನಗೆ ಚುಚ್ಚಿತು.

ಅಂಗಡಿಯವರೂ ಅಷ್ಟೇ, ನಾವು ತಡವರಿಸಿದ ಕೂಡಲೇ ಹಿಂದಿಗೆ ತಿರುಗುತ್ತಾರೆ. ಅದು ಅವರ ಸೌಜನ್ಯ. ಆಗ ‘ಆಮಿ ಬಾಂಗ್ಲಾ ಶಿಖ್ಛಿ’, ನಾನು ಬಂಗಾಳಿ ಕಲಿಯುತ್ತಿದ್ದೇನೆ, ಅಂದುಬಿಡಿ. ಮುಖ ಅರಳುತ್ತದೆ, ಮಾತು ನಿಧಾನವಾಗುತ್ತದೆ, ತಪ್ಪನ್ನೂ ಪ್ರೀತಿಯಿಂದ ತಿದ್ದುತ್ತಾರೆ.

ಆದ್ದರಿಂದ ಮಿತ್ರರೇ, ಊರಿನಿಂದ ಯಾರಾದರೂ ಬಂಗಾಳಿ ಕಲಿಯಲು ಬಂದರೆ ದಾರಿ ತೋರಿಸಿ, ಜೊತೆಗೆ ಹೋಗಿ. ಆದರೆ ಟಿಕೆಟ್ ಕಿಟಕಿಯ ಮುಂದೆ ಎರಡು ಹೆಜ್ಜೆ ಹಿಂದೆ ನಿಲ್ಲಿ. ಅವರು ತಡವರಿಸಲಿ. ವರ್ಷಗಟ್ಟಲೆ ಇಲ್ಲೇ ಇದ್ದೂ ಹಿಂದಿಯಲ್ಲೇ ಕಾಲ ಹಾಕುತ್ತಿರುವವರು ನೀವಾಗಿದ್ದರೆ, ಈ ಭಾನುವಾರ ನೀವೇ ಆ ವಿದ್ಯಾರ್ಥಿಯಾಗಿ. ಹೌರಾ ಘಾಟ್ ದೂರವೇನಿಲ್ಲ!