ಬಿಲ್ಲಿಗೆ ಲೈಸೆನ್ಸ್ ಬೇಡ, ಬೇಟೆಗೆ ಸಿಗೋದಿಲ್ಲ

ಬೆಳಗಾವಿ ಜಿಲ್ಲೆಯ ಶೇಡಬಾಳ, ಉಗಾರದ ಕಡೆ ಕಬ್ಬಿಗೆ ಕಾಡುಹಂದಿ ನುಗ್ಗಿದರೆ ಒಂದು ಪ್ರಶ್ನೆ ಏಳುತ್ತದೆ: ಬಂದೂಕಿಗೆ ಲೈಸೆನ್ಸ್ ಬೇಕು ಸರಿ, ಬಿಲ್ಲಿಗೆ?

ಬಿಲ್ಲಿನ ಮಾತು ಬೇಗ ಮುಗಿಯುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಭರ್ಚಿ, 9 ಇಂಚು ಮೀರಿದ ಅಲಗು ಎಲ್ಲ ಇವೆ, ಬಿಲ್ಲಿನ ಹೆಸರಿಲ್ಲ. (ಹತಾರದ ಲೈಸೆನ್ಸ್ ನಮ್ಮ ಸೀಮೆಯಲ್ಲಿ ಹಳೆಯ ಜಗಳ, 1857ರಲ್ಲಿ ಹಲಗಲಿ ಬೇಡರು ತಿರುಗಿಬಿದ್ದದ್ದು ಅದಕ್ಕೇ.)

ತೊಡಕಿರುವುದು ಪ್ರಾಣಿಯ ಕಡೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಮೊದಲು ವಿಶೇಷ, ದೊಡ್ಡ, ಸಣ್ಣ ಬೇಟೆಗೆ, ಬಲೆ ಹಾಕುವುದಕ್ಕೆ ಬೇರೆಬೇರೆ ಲೈಸೆನ್ಸ್ ಇದ್ದವು. 1991ರ ತಿದ್ದುಪಡಿ ಅವನ್ನು ತೆಗೆದುಹಾಕಿತು. 'ಅಜ್ಜನ ಹತ್ರ ಪರ್ಮಿಟ್ ಇತ್ತು' ಅನ್ನುವವರ ಮಾತು ನಿಜವೇ ಇರಬಹುದು, ಆ ಕಾಗದ ಈಗ ನಡೆಯುವುದಿಲ್ಲ. ಚಿಗರೆ, ನವಿಲು ಕಾಯ್ದೆಯ ರಕ್ಷಿತ ಪ್ರಾಣಿಗಳ ಮೊದಲನೇ ಅನುಸೂಚಿಯಲ್ಲಿವೆ, ಕಾಡುಹಂದಿ ಎರಡನೆಯದರಲ್ಲಿ. ಕೊಂದರಷ್ಟೇ ಬೇಟೆ ಅಂತಲ್ಲ. ಅಟ್ಟುವುದು, ಉರುಲು ಹಾಕುವುದು, ಗುರಿ ತಪ್ಪಿದ ಬಾಣ ಕೂಡ ಕಾಯ್ದೆಯ ಕಣ್ಣಿಗೆ ಬೇಟೆಯೇ. ಮೊದಲನೇ ಅನುಸೂಚಿಯ ಪ್ರಾಣಿಯಾದರೆ 3ರಿಂದ 7 ವರ್ಷ ಜೈಲು. ರೈಲು ಹತ್ತಿ ಮಹಾರಾಷ್ಟ್ರದ ಮಿರಜಕ್ಕೆ ಹೋದರೂ ಇದೇ ಕೇಂದ್ರ ಕಾಯ್ದೆ.

ಹಾಗಾದರೆ ಬೆಳೆಯ ಗತಿ? ಕಾಯ್ದೆಯ 11ನೇ ಕಲಮಿನಲ್ಲಿ ದಾರಿಯಿದೆ. ಎರಡನೇ ಅನುಸೂಚಿಯ ಪ್ರಾಣಿ ಜನರ ಜೀವಕ್ಕೋ ನಿಂತ ಬೆಳೆಗೋ ಅಪಾಯವಾದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಕಾರಣ ಬರೆದು ಬೇಟೆಗೆ ಲಿಖಿತ ಆದೇಶ ಕೊಡಬಹುದು. ಬಾಯಿಮಾತಿನ ಒಪ್ಪಿಗೆ ನಂಬಬೇಡಿ. ಮೈಮೇಲೆ ಬಂದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಹೊಡೆದರೆ ಅಪರಾಧವಲ್ಲ, ಆದರೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ನನ್ನನ್ನು ಕೇಳಿದರೆ, ಉತಾರ, ಆಧಾರ್, ಪಾಸ್‌ಬುಕ್, ಹಾನಿಯ ಫೋಟೊ ಹಿಡಿದು ವಲಯ ಅರಣ್ಯ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕುವುದೇ ಲೇಸು.

ಬಿಲ್ಲಿನ ಹುಚ್ಚೇ ಇದ್ದರೆ ಬಿಲ್ಲುಗಾರಿಕೆ ಆಟವಿದೆ. ನಮ್ಮ ದೇಶದ 'ಇಂಡಿಯನ್ ರೌಂಡ್'ನಲ್ಲಿ ಬಿದಿರಿನ ಬಿಲ್ಲಿನಿಂದಲೇ 30, 50 ಮೀಟರ್ ದೂರದ ಗುರಿಗೆ ಹೊಡೆಯುತ್ತಾರೆ. ಬೇಟೆಯ ರುಚಿಯೇ ಬೇಕೆಂದರೆ, ಪ್ರಾಣಿಯಾಕಾರದ ಫೋಮ್ ಗೊಂಬೆಗಳಿಗೆ ಗುರಿಯಿಡುವ 'ತ್ರೀ-ಡಿ' ಸ್ಪರ್ಧೆಗಳನ್ನು ವರ್ಲ್ಡ್ ಆರ್ಚರಿ ನಡೆಸುತ್ತದೆ.

ಹೊಸಬರಿಗೆ 20 ಪೌಂಡ್ ಆಸುಪಾಸಿನ ಎಳೆತ ಸಾಕು. ಬಿಗಿ ಬಿಲ್ಲು ಹಿಡಿದರೆ ಭುಜ ಹೋಗುತ್ತದೆ. ಬಿಲ್ಲು ಹಿಡಿದ ಕೈಯ ಒಳಮಗ್ಗುಲಿಗೆ ಚರ್ಮದ ಪಟ್ಟಿ ಕಟ್ಟಿಕೊಳ್ಳಿ, ಹೆದೆ ಬಡಿದರೆ ಬಾಸುಂಡೆ ಏಳುತ್ತದೆ. ಬಾಣವಿಲ್ಲದೆ ಹೆದೆ ಎಳೆದು ಬಿಡಬೇಡಿ, ಆ ಪೆಟ್ಟಿಗೆ ಬಿಲ್ಲೇ ಸೀಳಬಹುದು. ಮರದ ಬಾಣವನ್ನು ಪ್ರತಿ ಸಲ ಬೆರಳಲ್ಲಿ ತಿರುವಿ, ಮೆಲ್ಲಗೆ ಬಾಗಿಸಿ ನೋಡಿ. ಚಿಟ್ ಎಂದರೆ ಮುರಿದು ಬಿಸಾಡಿ. ಗುರಿಯ ಹಿಂದೆ ಮಣ್ಣಿನ ದಿಬ್ಬ ಇರಲಿ, ಕಬ್ಬು ಬೇಡ. ಅದರಾಚೆ ಆಳು ಇದ್ದರೂ ಕಾಣುವುದಿಲ್ಲ.