15 ವರ್ಷ ತುಂಬಿದ ಕಾರನ್ನು ಗುಜರಿಗೆ ಹಾಕಲೇಬೇಕೇ? ಶಿಡ್ಲಘಟ್ಟದ ಓದುಗರೊಬ್ಬರ ಪ್ರಶ್ನೆ

"15 ವರ್ಷ ದಾಟಿದ ಕಾರುಗಳನ್ನು ಸರ್ಕಾರ ಜಪ್ತಿ ಮಾಡಿ ಗುಜರಿಗೆ ಹಾಕುತ್ತದೆ. ಈಗಲೇ ಮಾರಿಬಿಡಿ. ಎಲ್ಲ ಗ್ರೂಪ್‌ಗಳಿಗೂ ಶೇರ್ ಮಾಡಿ." ಈ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ನಮಗೆ ಇದನ್ನು ಕಳುಹಿಸಿದವರು ಶಿಡ್ಲಘಟ್ಟದ ಹತ್ತಿರದ ಹಳ್ಳಿಯ ರೇಷ್ಮೆ ಬೆಳೆಗಾರರೊಬ್ಬರು. ಅವರ ಬಳಿ 2011ರ ಆಲ್ಟೊ ಇದೆ. ಗೂಡಿನ ಮಾರುಕಟ್ಟೆಗೆ ಹೋಗುವುದು, ತಾಯಿಯನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದೊಯ್ಯುವುದು ಎಲ್ಲ ಅದರಲ್ಲೇ. ದಲ್ಲಾಳಿಯೊಬ್ಬ ಇದೇ ಫಾರ್ವರ್ಡ್ ತೋರಿಸಿ 30 ಸಾವಿರಕ್ಕೆ ಕೇಳಿದ್ದಾನಂತೆ. "ಕೊಟ್ಟುಬಿಡ್ಲಾ ಸರ್?" ಎಂಬುದು ಅವರ ಪ್ರಶ್ನೆ.

ಬೇಡ. ಕನಿಷ್ಠ ಈ ಫಾರ್ವರ್ಡ್ ನಂಬಿಯಂತೂ ಬೇಡ.

ಎರಡು ಬೇರೆ ಬೇರೆ ಸುದ್ದಿಗಳು ಬೆರೆತು ಈ ಸಂದೇಶ ಹುಟ್ಟಿದೆ. ಒಂದು ದೆಹಲಿಯದು. 10 ವರ್ಷ ಮೀರಿದ ಡೀಸೆಲ್ ಮತ್ತು 15 ವರ್ಷ ಮೀರಿದ ಪೆಟ್ರೋಲ್ ವಾಹನಗಳನ್ನು ರಾಷ್ಟ್ರ ರಾಜಧಾನಿ ಪ್ರದೇಶದಲ್ಲಿ ಓಡಿಸಬಾರದು ಎಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ದೆಹಲಿ ಸುತ್ತಮುತ್ತಲಿನ ಮಾತು. ಇನ್ನೊಂದು ಕೇಂದ್ರದ ಗುಜರಿ ನೀತಿ. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ. ಸರ್ಕಾರದ ಜೀಪಿಗೆ ಅನ್ವಯಿಸುವ ಮಾತು ಫಾರ್ವರ್ಡ್ ಆಗುತ್ತಾ ಆಗುತ್ತಾ ನಿಮ್ಮ ಮನೆ ಮುಂದಿನ ಕಾರಿಗೂ ಅಂಟಿಕೊಂಡಿತು.

ಕರ್ನಾಟಕದಲ್ಲಿ ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಕಾರು ಮುಗಿಯುವುದಿಲ್ಲ. ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿದರೆ 5 ವರ್ಷಕ್ಕೆ ನವೀಕರಣ ಸಿಗುತ್ತದೆ, ಆಮೇಲೆ ಮತ್ತೆ 5 ವರ್ಷ. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000. ಇದರ ಮೇಲೆ ರಾಜ್ಯದ ಹಸಿರು ತೆರಿಗೆ. ಕಡಿಮೆಯೇನಲ್ಲ, ಆದರೆ 5 ವರ್ಷಕ್ಕೆ ಹಂಚಿದರೆ 5,000 ಎಂದರೆ ತಿಂಗಳಿಗೆ ನೂರು ರೂಪಾಯಿಯೂ ಆಗುವುದಿಲ್ಲ. ಆರ್‌ಸಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು. ತಡವಾದರೆ ದಂಡ, ಆರ್‌ಸಿ ಇಲ್ಲದೆ ಓಡಿಸಿ ಅಪಘಾತವಾದರೆ ವಿಮೆ ಹಣಕ್ಕೂ ತಕರಾರು. ಆ ದಿನಾಂಕ ಆರ್‌ಸಿ ಕಾರ್ಡಿನ ಮೇಲೇ ಇರುತ್ತದೆ. ಗೌರಿಬಿದನೂರಿನಲ್ಲೋ ಚಿಂತಾಮಣಿಯಲ್ಲೋ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೊರಟವರು ಬಣ್ಣ, ಸೀಟು ನೋಡುವ ಮೊದಲು ಅದನ್ನು ನೋಡಿ.

ಕಾನೂನಿನ ಮಾತು ಅಷ್ಟೇ. ನಮ್ಮ ಜಿಲ್ಲೆಯ ಹಳೆ ಕಾರುಗಳನ್ನು ನಿಜಕ್ಕೂ ಗುಜರಿಗೆ ಕಳುಹಿಸುವುದು ಬೇರೆಯೇ ಒಂದು ವಸ್ತು: ಬೋರ್‌ವೆಲ್ ನೀರು.

ಓದುಗರಿಗೆ ನಾವು ಒಂದು ಕೆಲಸ ಹೇಳಿದೆವು. ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಒಳಗಿನ ಫೋಟೊ ಕಳುಹಿಸಿ ಎಂದೆವು. (ಬಿಸಿ ಇರುವಾಗ ಎಂದೂ ತೆಗೆಯಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.) ಫೋಟೊ ಬಂತು. ಕೂಲಂಟ್ ಹಸಿರೋ ಕೆಂಪೋ ಇರಬೇಕಾದ ಕಡೆ ರಾಡಿ ಬಣ್ಣದ ನೀರು, ಮುಚ್ಚಳದ ಅಂಚಿಗೆ ಬಿಳಿ ಹೆಕ್ಕಳೆ. "ಇಲ್ಲೇನು ಹಿಮ ಬೀಳುತ್ತಾ ಸರ್, ಕೂಲಂಟ್ ಯಾಕೆ? ನೀರು ಸಾಕು ಅಂದ್ರು ಮೆಕ್ಯಾನಿಕ್" ಎಂದರು.

ಈ ಮಾತನ್ನು ನಾವೂ ಎಷ್ಟೋ ಸಲ ಕೇಳಿದ್ದೇವೆ. ನೀರು ಹೆಪ್ಪುಗಟ್ಟದಂತೆ ತಡೆಯುವುದು ಕೂಲಂಟ್‌ನ ಒಂದು ಕೆಲಸ ಮಾತ್ರ. ಅದು ಕುದಿಯುವ ಬಿಂದುವನ್ನು ಏರಿಸುತ್ತದೆ, ಅದರಲ್ಲಿರುವ ರಾಸಾಯನಿಕಗಳು ಲೋಹ ತುಕ್ಕು ಹಿಡಿಯದಂತೆ ಕಾಯುತ್ತವೆ. ನಮ್ಮ ಕಡೆ ಈ ಎರಡನೆಯ ಕೆಲಸವೇ ದೊಡ್ಡದು. ಸಾವಿರ ಅಡಿ ಆಳದಿಂದ ಬರುವ ನೀರು ಬಂಡೆಯ ಲವಣಗಳನ್ನು ಹೊತ್ತು ತರುತ್ತದೆ. ಫ್ಲೋರೈಡ್ ವಿಷಯ ಎಲ್ಲರಿಗೂ ಗೊತ್ತು, ಆದರೆ ಕಾರಿಗೆ ಮುಖ್ಯ ಶತ್ರು ಅದಲ್ಲ, ನೀರಿನ ಗಡಸುತನ. ಗಡಸು ನೀರು ಕಾದಾಗ ಅದರಲ್ಲಿ ಕರಗಿದ ಕ್ಯಾಲ್ಸಿಯಂ ಸುಣ್ಣದಂಥ ಪದರವಾಗಿ ಕೂರುತ್ತದೆ. ನಿಮ್ಮ ಗೀಸರ್ ಕಾಯಿಲ್ ಮೇಲೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ನೋಡಿರುತ್ತೀರಲ್ಲ, ಅದೇ. ಎಂಜಿನ್ ಒಳಗಿನ ಸಣ್ಣ ದಾರಿಗಳಲ್ಲಿ ಅದು ಕೂತರೆ ಶಾಖ ಹೊರಗೆ ಹೋಗುವುದಿಲ್ಲ. ನೀರು ಕಡಿಮೆಯಾಯಿತೆಂದು ವಾರಕ್ಕೊಮ್ಮೆ ಮತ್ತೆ ಸುರಿದರೆ ಪ್ರತಿ ಸಲವೂ ಹೊಸ ಸುಣ್ಣ ಒಳಗೆ ಹೋದಂತೆ.

ನಂತರದ ಕಥೆ ಒಂದೇ. ನಂದಿ ಬೆಟ್ಟದ ತಿರುವುಗಳಲ್ಲಿ ಭಾನುವಾರದ ಸಾಲು, ಮೊದಲ ಗೇರ್, ಟೆಂಪರೇಚರ್ ಮುಳ್ಳು ಮೇಲೆ. ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಆಗ ಬರುವ ಬಿಲ್ಲು ನೋಡಿ "ಹಳೇ ಗಾಡಿ, ಬಿಟ್ಟುಬಿಡೋಣ" ಎನ್ನುತ್ತಾರೆ. ಹಳೆಯದಾಗಿದ್ದು ಗಾಡಿಯಲ್ಲ, ಒಳಗಿನ ನೀರು.

ಮುಳ್ಳು ಏರುತ್ತಿದ್ದರೆ ಎಸಿ ನಿಲ್ಲಿಸಿ, ಹೀಟರ್ ಪೂರ್ತಿ ತಿರುಗಿಸಿ. ಸೆಕೆಯಾದರೂ ಸರಿ, ಎಂಜಿನ್ನಿನ ಶಾಖದ ಒಂದು ಪಾಲು ಒಳಗೆ ಬಂದು ಅಷ್ಟು ಉಸಿರು ಸಿಗುತ್ತದೆ. ಆಮೇಲೆ ಜಾಗ ನೋಡಿ ನಿಲ್ಲಿಸಿ.

ಇನ್ನೊಂದು ಊರ ಮದ್ದು ಇದೆ: "ಥರ್ಮೋಸ್ಟ್ಯಾಟ್ ತೆಗೆದುಬಿಡಿ, ಹೀಟೇ ಆಗಲ್ಲ." ಇದು ಜ್ವರ ಕಾಣಬಾರದೆಂದು ಥರ್ಮಾಮೀಟರ್ ಎಸೆದಂತೆಯೂ ಅಲ್ಲ, ಅದಕ್ಕಿಂತ ಕೆಟ್ಟದ್ದು. ಸುಮಾರು 80 ಡಿಗ್ರಿ ದಾಟುವವರೆಗೆ ರೇಡಿಯೇಟರ್‌ಗೆ ಹೋಗುವ ದಾರಿ ಮುಚ್ಚಿಟ್ಟು ಎಂಜಿನ್ನನ್ನು ಬೇಗ ಕಾಯಿಸುವುದು ಥರ್ಮೋಸ್ಟ್ಯಾಟ್‌ನ ಕೆಲಸ. ಅದಿಲ್ಲದಿದ್ದರೆ ಎಂಜಿನ್ ತಣ್ಣಗೇ ಓಡುತ್ತದೆ, ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಇಳಿಯುತ್ತದೆ, ಎಮಿಷನ್ ಪರೀಕ್ಷೆಯಲ್ಲೂ ತೊಂದರೆ.

ಪರಿಹಾರ ಅಗ್ಗ. ಹಳೆ ನೀರು ತೆಗೆಸಿ, ಬರುವ ನೀರು ತಿಳಿಯಾಗುವವರೆಗೆ ಫ್ಲಶ್ ಮಾಡಿಸಿ, ಬೆರೆಸಿದ ಕೂಲಂಟ್ ಹಾಕಿಸಿ. ಬೆರೆಸದ ಕೂಲಂಟ್ ತಂದರೆ ಸಮಪಾಲು ಡಿಸ್ಟಿಲ್ಡ್ ವಾಟರ್, ಬೋರ್ ನೀರಲ್ಲ. ಮತ್ತೆ ಮತ್ತೆ ಮಟ್ಟ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸುರಿಯುವುದನ್ನು ಬಿಟ್ಟು ಸೋರಿಕೆ ಹುಡುಕಿಸಿ.

800 ಮತ್ತು ಹಳೆ ಆಲ್ಟೊಗಳ ಟೈಮಿಂಗ್ ಬೆಲ್ಟನ್ನು ಕೈಪಿಡಿ ಹೇಳಿದ ಕಿಲೋಮೀಟರ್‌ಗೆ ಬದಲಿಸಬೇಕು. ಟೈರಿನ ಪಕ್ಕದ ನಾಲ್ಕಂಕಿಯನ್ನೂ ಓದಿ: 2316 ಎಂದಿದ್ದರೆ ಅದು 2016ರ 23ನೇ ವಾರ ತಯಾರಾದದ್ದು, ತೇಪೆ ಇಲ್ಲದಿದ್ದರೂ ಮುದುಕ ಟೈರು.

ಓದುಗರು ದಲ್ಲಾಳಿಗೆ ಬೇಡವೆಂದರು. ಫ್ಲಶ್ ಮಾಡಿಸುವಾಗ ಮೂರನೇ ಸಲಕ್ಕೆ ನೀರು ತಿಳಿಯಾಯಿತಂತೆ. ಮರುದಿನವೇ ಇನ್ನೊಂದು ಫಾರ್ವರ್ಡ್ ಕಳುಹಿಸಿದರು: "ಇ20 ಪೆಟ್ರೋಲ್ ಹಾಕಿದರೆ ಹಳೆ ಕಾರಿನ ಮೈಲೇಜ್ ಅರ್ಧ, ಎಂಜಿನ್ ಖತಂ."

ಅರ್ಧವಾಗುವುದಿಲ್ಲ. ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಅದು 20 ಪಾಲು ಬೆರೆತರೆ ಬರಿ ಪೆಟ್ರೋಲ್‌ಗೆ ಹೋಲಿಸಿ ಶೇ 6–7ರಷ್ಟು ಇಳಿಕೆ. 18 ಕೊಡುತ್ತಿದ್ದ ಕಾರು 17ರ ಆಸುಪಾಸು ಕೊಡಬಹುದು. ಆದರೆ ಫಾರ್ವರ್ಡ್‌ನಲ್ಲಿ ಒಂದು ಎಳೆ ನಿಜವಿದೆ: ಹಳೆ ಕಾರಿನ ರಬ್ಬರ್ ಪೈಪು, ಸೀಲುಗಳನ್ನು ಇಷ್ಟು ಎಥನಾಲ್‌ಗೆಂದು ಮಾಡಿರಲಿಲ್ಲ. ಅವನ್ನು ಸರ್ವಿಸ್‌ನಲ್ಲಿ ನೋಡಿಸಿ, ಬಿರುಕು ಬಿಟ್ಟಿದ್ದರೆ ಬದಲಿಸಿ. ಎಥನಾಲ್ ಗಾಳಿಯ ತೇವ ಹೀರುವುದರಿಂದ ಅರ್ಧ ಖಾಲಿ ಟ್ಯಾಂಕಿನಲ್ಲಿ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ವಾರಕ್ಕೊಮ್ಮೆಯಾದರೂ ಗೂಡಿನ ಮಾರುಕಟ್ಟೆಗೆ ಹೋಗಿಬರುವ ಕಾರಿಗೆ ಆ ಚಿಂತೆ ಇಲ್ಲ.