ಕಾಲು ಕಿಲೋ ಖೀಮಾ, ಒಂದು ಕಿಲೋ ಆಲೂಗಡ್ಡೆ: ಮನೆಮಂದಿಗೆಲ್ಲ ಕಾಟೇಜ್ ಪೈ



ತಿಂಗಳ ಕೊನೆಯ ವಾರ ಬಂತೆಂದರೆ ಬಾಡಿಗೆ, ಶಾಲೆಯ ಫೀಸು, ರೈಲಿನ ಪಾಸು ಎಲ್ಲ ಕಳೆದು ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಆದರೂ ಭಾನುವಾರ ಮಾಂಸದೂಟ ಬೇಕೆಂದು ಮಕ್ಕಳು ಕೇಳದೇ ಇರುವುದಿಲ್ಲ. ಕಾಲು ಕಿಲೋ ಖೀಮಾ ತಂದು ಪಲ್ಯ ಮಾಡಿದರೆ ಐದು ಜನರಿಗೆ ತಲಾ ಎರಡು ಚಮಚ ಬಂದೀತು. ಅದೇ ಖೀಮಾವನ್ನು ಪಾತ್ರೆಯ ತಳದಲ್ಲಿ ಹಾಸಿ, ಮೇಲೆ ಬೇಯಿಸಿ ಹಿಸುಕಿದ ಆಲೂಗಡ್ಡೆಯನ್ನು ಹೊದಿಸಿ ಕೆಂಪಗೆ ಬೇಯಿಸಿದರೆ ಎಲ್ಲರ ಹೊಟ್ಟೆಯೂ ತುಂಬುತ್ತದೆ. ಇಂಗ್ಲೆಂಡಿನ ಮನೆಗಳಲ್ಲಿ ಇದಕ್ಕೆ ಕಾಟೇಜ್ ಪೈ ಎನ್ನುತ್ತಾರೆ. ಕಾಟೇಜ್ ಎಂದರೆ ಹಳ್ಳಿಯ ಪುಟ್ಟ ಮನೆ.

ಉಳಿತಾಯದಿಂದ ಹುಟ್ಟಿದ ರುಚಿ

ಈ ಹೆಸರು ಹಳೆಯದು. ನಾರ್‌ಫೋಕ್ ಪ್ರಾಂತ್ಯದ ಪಾದ್ರಿ ಜೇಮ್ಸ್ ವುಡ್‌ಫೋರ್ಡ್ 1791ರಲ್ಲೇ ತಮ್ಮ ದಿನಚರಿಯಲ್ಲಿ ಇದನ್ನು ಬರೆದಿದ್ದಾರೆ. ಭಾನುವಾರ ಸುಟ್ಟ ದೊಡ್ಡ ಮಾಂಸದ ತುಂಡು ಉಳಿದರೆ, ಸೋಮವಾರ ಅದನ್ನು ಕೊಚ್ಚಿ ಆಲೂಗಡ್ಡೆ ಮುಚ್ಚಿ ಮತ್ತೆ ಬೇಯಿಸುವುದು ಅಲ್ಲಿನ ಗೃಹಿಣಿಯರ ರೂಢಿ. ನಾವು ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವುದಿಲ್ಲವೇ, ಹಾಗೆ. ಈಗಿನ ವಾಡಿಕೆಯಲ್ಲಿ ದನದ ಮಾಂಸದ್ದಾದರೆ ಕಾಟೇಜ್ ಪೈ, ಕುರಿ ಮಾಂಸದ್ದಾದರೆ ಶೆಫರ್ಡ್ಸ್ ಪೈ, ಅಂದರೆ ಕುರುಬರ ಪೈ.

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಮಾಂಸಕ್ಕೆ ರೇಷನ್ ಬಂತು. 1940ರಲ್ಲಿ ಶುರುವಾದದ್ದು ಮುಗಿದದ್ದು 1954ರಲ್ಲಿ. ಯುದ್ಧದ ವರ್ಷಗಳಲ್ಲಿ ಆಲೂಗಡ್ಡೆಗೆ ರೇಷನ್ ಇರಲಿಲ್ಲ. ಹೀಗಾಗಿ ಇದ್ದ ಚೂರು ಮಾಂಸವನ್ನು ಆಲೂಗಡ್ಡೆಯ ಆಸರೆಯಲ್ಲಿ ಹಿಗ್ಗಿಸುವುದು ಮನೆಮನೆಯ ಜಾಣತನವಾಯಿತು. ಆಗಿನ ಆಹಾರ ಮಂತ್ರಿ ಲಾರ್ಡ್ ವುಲ್ಟನ್ ಅವರ ಹೆಸರಿನಲ್ಲಿ ಬಂದ ವುಲ್ಟನ್ ಪೈಯಲ್ಲಂತೂ ಮಾಂಸವೇ ಇಲ್ಲ, ಬರೀ ತರಕಾರಿ. ಸಸ್ಯಾಹಾರಿ ಕೇಳುಗರು ಇದನ್ನು ಗಮನಿಸಬಹುದು!

ನಮ್ಮ ನಾಡಿಗೂ ಈ ಬಗೆಯ ಅಡುಗೆ ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಯನ್ನು ವಹಿಸಿಕೊಂಡ ಮೇಲೆ ಇಂಗ್ಲೆಂಡಿನಿಂದ ಗಣಿ ಕೆಲಸಗಾರರು ಬಂದರು. ಕೆಜಿಎಫ್‌ನಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ನೆಲೆಸಿದವು. ಗಣಿ 2001ರಲ್ಲಿ ಮುಚ್ಚಿತು, ಆ ಮನೆಗಳ ಅಡುಗೆ ಉಳಿಯಿತು. ಆಲೂಗಡ್ಡೆಯೊಳಗೆ ಖೀಮಾ ತುಂಬಿ ಕರಿಯುವ ಪೊಟ್ಯಾಟೊ ಚಾಪ್ಸ್ ಅವರದು. ಮಂಗಳೂರು, ಗೋವಾ, ಮುಂಬೈಯ ಕ್ರೈಸ್ತರ ಮನೆಗಳಲ್ಲೂ ಅದುಂಟು. ಒಂದೊಂದನ್ನೇ ತಟ್ಟಿ ಕರಿಯುವುದಕ್ಕೆ ಎಣ್ಣೆಯೂ ಬೇಕು, ಹೊತ್ತೂ ಬೇಕು. ಪದರವಾಗಿ ಹಾಸಿಬಿಟ್ಟರೆ ಎರಡೂ ಉಳಿತಾಯ.

ಯಾವ ಮಾಂಸ?

ಮೂಲದಲ್ಲಿ ಇದು ದನದ ಮಾಂಸದ ಅಡುಗೆ. ಆದರೆ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮಹಾರಾಷ್ಟ್ರದಲ್ಲಿ 2015ರಿಂದ ಹಸುವಿನ ಜೊತೆಗೆ ಎತ್ತು, ಹೋರಿಗಳ ವಧೆಯೂ ನಿಷಿದ್ಧ. ದೆಹಲಿಯಲ್ಲಿ 1994ರ ಕಾಯ್ದೆಯಿದೆ. ಆದ್ದರಿಂದ ಮುಂಬೈ, ಪುಣೆ, ದೆಹಲಿಯ ಕೇಳುಗರು ಲೈಸೆನ್ಸ್ ಇರುವ ಅಂಗಡಿಯಲ್ಲಿ ಎಮ್ಮೆ-ಕೋಣದ ಖೀಮಾ ಕೇಳಿ ಕೊಳ್ಳಬೇಕು. ಇದರಲ್ಲಿ ಕೊಬ್ಬು ಕಡಿಮೆ, ನಾರು ಹೆಚ್ಚು. ಕುಕ್ಕರಿನಲ್ಲಿ ಬೇಯಿಸಿದರೆ ಮೆತ್ತಗಾಗುತ್ತದೆ. ಒಲ್ಲದವರು ಕುರಿ ಅಥವಾ ಕೋಳಿ ಖೀಮಾ ಬಳಸಬಹುದು. ಖೀಮಾವನ್ನು ನಿಮ್ಮ ಕಣ್ಣೆದುರೇ ಮಾಡಿಸಿಕೊಳ್ಳಿ, ಅಂದೇ ಬೇಯಿಸಿ.

ಬೇಕಾಗುವ ಸಾಮಗ್ರಿಗಳು (4-5 ಜನರಿಗೆ)

ಖೀಮಾ ಕಾಲು ಕಿಲೋ, ಆಲೂಗಡ್ಡೆ 1 ಕಿಲೋ, ಮಸೂರ್ ಬೇಳೆ ಅರ್ಧ ಕಪ್, ಈರುಳ್ಳಿ 2, ಟೊಮೆಟೊ 2, ಕ್ಯಾರೆಟ್ 1, ಹಸಿ ಬಟಾಣಿ ಒಂದು ಹಿಡಿ, ಶುಂಠಿ-ಬೆಳ್ಳುಳ್ಳಿ ಪೇಸ್ಟ್ 2 ಚಮಚ, ಹಸಿಮೆಣಸಿನಕಾಯಿ 2, ಲವಂಗ 2, ಕಾಳುಮೆಣಸಿನ ಪುಡಿ 1 ಚಮಚ, ಎಣ್ಣೆ 2 ಚಮಚ, ಬೆಣ್ಣೆ 2 ಚಮಚ, ಹಾಲು ಕಾಲು ಕಪ್, ಉಪ್ಪು ರುಚಿಗೆ.

ಮಾಡುವ ವಿಧಾನ

1. ಕುಕ್ಕರಿನಲ್ಲಿ ಎಣ್ಣೆ ಕಾಯಿಸಿ ಖೀಮಾ ಹಾಕಿ, ದೊಡ್ಡ ಉರಿಯಲ್ಲಿ ನೀರೆಲ್ಲ ಆರಿ ಕಂದುಬಣ್ಣಕ್ಕೆ ತಿರುಗುವವರೆಗೆ ಹುರಿಯಿರಿ. ನೀರು ಆರದೆ ಕಂದುಬಣ್ಣ ಬಾರದು, ಕಂದುಬಣ್ಣ ಬಾರದೆ ರುಚಿ ಬಾರದು. ಆಮೇಲೆ ಲವಂಗ, ಈರುಳ್ಳಿ, ಪೇಸ್ಟ್, ಮೆಣಸಿನಕಾಯಿ, ಟೊಮೆಟೊ ಸೇರಿಸಿ ಬಾಡಿಸಿ.

2. ತೊಳೆದ ಬೇಳೆ, ಹೆಚ್ಚಿದ ಕ್ಯಾರೆಟ್, ಉಪ್ಪು, ಒಂದೂವರೆ ಕಪ್ ನೀರು ಹಾಕಿ ಮೂರು ಸೀಟಿ ಕೂಗಿಸಿ. ಎಮ್ಮೆ ಮಾಂಸಕ್ಕೆ ಇನ್ನೆರಡು ಹೆಚ್ಚು. ಬೇಳೆ ಕರಗಿ ಗ್ರೇವಿಯನ್ನು ಗಟ್ಟಿ ಮಾಡುತ್ತದೆ, ಪ್ರಮಾಣವನ್ನೂ ಹೆಚ್ಚಿಸುತ್ತದೆ. ಮುಚ್ಚಳ ತೆಗೆದು ಬಟಾಣಿ, ಕಾಳುಮೆಣಸಿನ ಪುಡಿ ಹಾಕಿ, ಚಮಚದಿಂದ ಜಾರದಷ್ಟು ಗಟ್ಟಿಯಾಗುವವರೆಗೆ ಕುದಿಸಿ, ಆರಲು ಬಿಡಿ. ಬಿಸಿಯಾಗಿಯೂ ತೆಳುವಾಗಿಯೂ ಇದ್ದರೆ ಮೇಲಿನ ಆಲೂಗಡ್ಡೆ ಕೆಳಗಿಳಿದು ಎರಡೂ ಕಲಸಿಹೋಗುತ್ತವೆ.

3. ಆಲೂಗಡ್ಡೆ ಹಳೆಯದಾಗಿದ್ದಷ್ಟೂ ಒಳ್ಳೆಯದು; ಹೆಬ್ಬೆರಳಿಗೇ ಸಿಪ್ಪೆ ಸುಲಿಯುವ ಹೊಸ ಗಡ್ಡೆಯಲ್ಲಿ ನೀರಿನಂಶ ಹೆಚ್ಚು. ಹಸಿರು ತಿರುಗಿದ್ದನ್ನು ಬಳಸಬೇಡಿ. ಸಿಪ್ಪೆ ತೆಗೆದು ಹೋಳು ಮಾಡಿ, ಉಪ್ಪು ಹಾಕಿದ ತಣ್ಣೀರಿನಲ್ಲಿಟ್ಟು ಬೇಯಿಸಿ. ನೀರು ಬಸಿದು, ಅದೇ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಎರಡು ನಿಮಿಷ ಒಣಗಿಸಿ. ಬಿಸಿಯಿರುವಾಗಲೇ ಬೆಣ್ಣೆ, ಹಾಲು ಸೇರಿಸಿ ಕೈಯಿಂದಲೇ ಹಿಸುಕಿ, ಅಂದರೆ ಮ್ಯಾಶರ್ ಅಥವಾ ಸೌಟಿನಿಂದ. ಮಿಕ್ಸಿಗೆ ಹಾಕಿದರೆ ಪಿಷ್ಟವೆಲ್ಲ ಹೊರಬಂದು ಗೋಂದಿನಂತಾಗುತ್ತದೆ.

4. ಓವನ್ ಪಾತ್ರೆಯಲ್ಲಿ ಖೀಮಾ ಹರಡಿ, ಅಂಚಿನಿಂದ ನಡುವಿಗೆ ಆಲೂಗಡ್ಡೆ ಹೊದಿಸಿ. ಅಂಚು ಮುಚ್ಚಿದ್ದರೆ ರಸ ಉಕ್ಕುವುದಿಲ್ಲ. ಫೋರ್ಕಿನಿಂದ ಮೇಲೆ ಗೆರೆ ಎಳೆಯಿರಿ. ಗೆರೆಯ ಏಣುಗಳೇ ಮೊದಲು ಗರಿಗರಿಯಾಗುವುದು. 200 ಡಿಗ್ರಿಯಲ್ಲಿ 25-30 ನಿಮಿಷ ಬೇಯಿಸಿ, ಹತ್ತು ನಿಮಿಷ ಬಿಟ್ಟು ಕತ್ತರಿಸಿ.

ಓವನ್ ಇಲ್ಲವೇ?

ಚಿಂತೆ ಬೇಡ. ಹಾಲನ್ನು ಎರಡೇ ಚಮಚ ಹಾಕಿ ಆಲೂಗಡ್ಡೆಯನ್ನು ಗಟ್ಟಿಯಾಗಿಯೇ ಇಟ್ಟುಕೊಳ್ಳಿ. ದಪ್ಪ ತಳದ ನಾನ್‌ಸ್ಟಿಕ್ ಬಾಣಲೆಗೆ ತುಪ್ಪ ಸವರಿ, ಅರ್ಧ ಆಲೂಗಡ್ಡೆಯನ್ನು ರೊಟ್ಟಿಯಂತೆ ತಟ್ಟಿ, ಅಂಚು ಬಿಟ್ಟು ಖೀಮಾ ಹರಡಿ, ಉಳಿದರ್ಧವನ್ನು ಮುಚ್ಚಿ ಅಂಚು ಒತ್ತಿ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಿ. ಮೇಲೊಂದು ತಟ್ಟೆ ಮುಚ್ಚಿ ಮಗುಚಿ, ಮತ್ತೆ ಬಾಣಲೆಗೆ ಜಾರಿಸಿ ಇನ್ನೊಂದು ಬದಿಯನ್ನೂ ಕೆಂಪಗೆ ಮಾಡಿ. ಬಾಣಲೆ ಚಿಕ್ಕದಾದರೆ ಎರಡು ಸಲ ಮಾಡಿ, ಮಗುಚುವುದು ಸುಲಭ.

ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ; ಚೆನ್ನೈ, ಮುಂಬೈಯ ಸೆಕೆಯಲ್ಲಿ ಅದಕ್ಕೂ ಮೊದಲೇ. ಎರಡು ದಿನದೊಳಗೆ, ಒಳಗಿನಿಂದ ಹಬೆ ಏಳುವಷ್ಟು ಬಿಸಿ ಮಾಡಿಯೇ ತಿನ್ನಿ. ಸಸ್ಯಾಹಾರಿಗಳು ಖೀಮಾದ ಬದಲು ಬೇಳೆಯನ್ನು ಒಂದು ಕಪ್ ಮಾಡಿಕೊಂಡು, ನೀರನ್ನೂ ಒಂದು ಕಪ್ ಹೆಚ್ಚಿಸಿ, ಜೊತೆಗೆ ಅಣಬೆ ಹಾಕಬಹುದು.

ಜೊತೆಗೆ ಸೌತೆಕಾಯಿ ಕೋಸಂಬರಿ ಇದ್ದರೆ ಊಟ ಪೂರ್ತಿ. ಮಾಂಸ ಕಡಿಮೆಯಾಯಿತೆಂದು ಯಾರೂ ಕೇಳುವುದಿಲ್ಲ, ಏಕೆಂದರೆ ಪ್ರತಿ ತುತ್ತಿನಲ್ಲೂ ಅದು ಸಿಗುತ್ತದೆ. ಈ ಭಾನುವಾರ ಮಾಡಿ ನೋಡಿ, ಹೇಗಾಯಿತೆಂದು ನಮಗೂ ಬರೆದು ತಿಳಿಸಿ.